ಬೀಟಾ ಬ್ಲಾಕರ್ ಗುಳಿಗೆ: ಯಾತಕ್ಕೆ ಕೊಟ್ಟಿದ್ದಾರೆ, ಹೇಗೆ ತೆಗೆದುಕೊಳ್ಳಬೇಕು

ಮನೆಯ ಗುಳಿಗೆ ಡಬ್ಬಿ ಒಮ್ಮೆ ತೆರೆಯಿರಿ. ಪ್ರತಿ ಸ್ಟ್ರಿಪ್‌ ಮೇಲೆ ದೊಡ್ಡಕ್ಷರದಲ್ಲಿ ಕಂಪನಿ ಇಟ್ಟ ಹೆಸರು ಇರುತ್ತದೆ. ಅದರ ಆಚೀಚೆ ಸಣ್ಣಕ್ಷರದಲ್ಲಿ ಮದ್ದಿನ ಹೆಸರು. ನೋಡಬೇಕಾದ್ದು ಈ ಸಣ್ಣಕ್ಷರವನ್ನು. ಅದು ‘ಲಾಲ್’ ಅಂತ ಮುಗಿದರೆ ಅದು ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಮದ್ದು: ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್, ಪ್ರೊಪ್ರನೊಲಾಲ್, ಲ್ಯಾಬೆಟಲಾಲ್. ‘ಮಾಲ್’ ಅಂತ ಮುಗಿಯುವವು ಬೇರೆ. ಪ್ಯಾರಾಸಿಟಮಾಲ್ ಜ್ವರದ್ದು. ಸಾಲ್ಬುಟಮಾಲ್ ದಮ್ಮಿನದು, ಅದರ ಕೆಲಸ ಇದಕ್ಕೆ ಪೂರ್ತಿ ಉಲ್ಟಾ.

ನಾನು ಹುಬ್ಬಳ್ಳಿಯಲ್ಲಿ ಔಷಧದ ಅಂಗಡಿಯ ಕೌಂಟರ್ ಹಿಂದೆ ನಿಲ್ಲುವವನು. ನವಲಗುಂದ, ಕುಂದಗೋಳ, ಶಿಗ್ಗಾಂವಿ ಕಡೆಯಿಂದ ದವಾಖಾನೆಗೆ ಬಂದವರು ಊರಿಗೆ ಮರಳುವಾಗ ತಿಂಗಳ ಗುಳಿಗೆ ಕಟ್ಟಿಸಿಕೊಂಡು ಹೋಗುತ್ತಾರೆ. ‘ಇದನ್ನ ಯಾತಕ್ಕ ಕೊಟ್ಟಾರ್ರಿ ಕಾಕಾ?’ ಅಂತ ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: ‘ಬಿಪಿ ಗುಳಿಗಿ ಅದು.’ ಚೀಟಿ ನೋಡಿದರೆ ಅವರಿಗೆ ಬಿಪಿಯೇ ಇರುವುದಿಲ್ಲ. ಹೃದಯದ ಬಲ ಕಡಿಮೆಯಾಗಿದೆ ಅಂತಲೋ, ನಾಡಿ ಅಡ್ಡಾದಿಡ್ಡಿ ಓಡುತ್ತದೆ ಅಂತಲೋ ಕೊಟ್ಟಿರುತ್ತಾರೆ. ಇದು ಬರೀ ಹೆಸರಿನ ತಕರಾರಲ್ಲ. ‘ಬಿಪಿ ಗುಳಿಗೆ’ ಅಂದುಕೊಂಡವರು ಮಷಿನ್‌ನಲ್ಲಿ 120/80 ಬಂದ ದಿನ ‘ಇನ್ನ ಯಾಕ ಬೇಕು’ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ಹಾಗಾಗಿ ಈ ಗುಳಿಗೆ ಬರೆದುಕೊಟ್ಟಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ: ನನಗೆ ಇದು ಯಾವುದಕ್ಕೆ? ಉಳಿದದ್ದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಎಷ್ಟು ದಿನ ತೆಗೆದುಕೊಳ್ಳಬೇಕು, ನಾಡಿ ಎಷ್ಟಿರಬೇಕು, ಬಿಡಬಹುದೋ ಬಾರದೋ, ಎಲ್ಲವೂ.

ಒಳಗೆ ಅದು ಮಾಡೋದೇನು

ಹೆದರಿಕೆ ಆದಾಗ, ಸಿಟ್ಟು ಬಂದಾಗ, ಓಡಿದಾಗ ದೇಹ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಎರಡು ರಸಗಳನ್ನು ಬಿಡುತ್ತದೆ. ಅವು ಹೋಗಿ ಹೃದಯ, ಕಿಡ್ನಿ, ಶ್ವಾಸನಾಳ, ರಕ್ತನಾಳಗಳಲ್ಲಿರುವ ‘ಬೀಟಾ’ ಎಂಬ ಜಾಗಗಳಲ್ಲಿ ಕೂರುತ್ತವೆ. ಕೂತ ಕೂಡಲೇ ಎದೆ ಢವಢವ ಅನ್ನುತ್ತದೆ, ಬಡಿತದ ಜೋರು ಹೆಚ್ಚುತ್ತದೆ, ಕೈ ನಡುಗುತ್ತದೆ.

ಜಾತ್ರೆ ಸೀಸನ್ನಿನಲ್ಲಿ ಬಸ್ಸು ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಬೀಟಾ ಬ್ಲಾಕರ್ ಮಾಡೋದು ಅದನ್ನೇ. ಅಡ್ರಿನಲಿನ್ ಬರುವ ಮೊದಲೇ ಸೀಟಿನ ಮೇಲೆ ಟವೆಲ್ ಬಿದ್ದಿರುತ್ತದೆ. ಅದು ಬಂದರೂ ಕೂರೋಕೆ ಜಾಗ ಇಲ್ಲ. ಹಾಗಂತ ಎಲ್ಲ ಸೀಟೂ ಬಂದ್ ಆಗೋದಿಲ್ಲ. ನೂಕುನುಗ್ಗಲು ಜಾಸ್ತಿಯಾದರೆ ಟವೆಲ್ ಸರಿಸಿ ಕೂರುವವರೂ ಇರುತ್ತಾರೆ. ಹೀಗಾಗಿ ಗುಳಿಗೆ ತೆಗೆದುಕೊಳ್ಳುತ್ತಿದ್ದರೂ ಓಡಿದರೆ ನಾಡಿ ಏರುತ್ತದೆ, ಮೊದಲಿನಷ್ಟು ಏರುವುದಿಲ್ಲ ಅಷ್ಟೇ.

ಈ ಸೀಟುಗಳಲ್ಲಿ ಎರಡು ಬಗೆ ಮುಖ್ಯ. ಬೀಟಾ-1 ಹೆಚ್ಚಾಗಿ ಹೃದಯದಲ್ಲಿ, ಸ್ವಲ್ಪ ಕಿಡ್ನಿಯಲ್ಲಿ. ಇದನ್ನು ತಡೆದರೆ ಹೃದಯ ನಿಧಾನಕ್ಕೆ, ಮೆತ್ತಗೆ ಬಡಿಯುತ್ತದೆ. ಕಿಡ್ನಿಯಿಂದ ಬರುವ, ಬಿಪಿ ಏರಿಸುವ ರೆನಿನ್ ಎಂಬ ರಸವೂ ತಗ್ಗುತ್ತದೆ. ಬೀಟಾ-2 ಶ್ವಾಸನಾಳ, ಸ್ನಾಯು, ರಕ್ತನಾಳಗಳಲ್ಲಿ. ಇದನ್ನು ತಡೆದರೆ ಕೈ ನಡುಕ ಕಡಿಮೆಯಾಗುತ್ತದೆ, ಆದರೆ ಶ್ವಾಸನಾಳ ಬಿಗಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ.

ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಹೆಚ್ಚಾಗಿ ಬೀಟಾ-1ನ್ನು ಹುಡುಕಿ ಹಿಡಿಯುತ್ತವೆ. ಪ್ರೊಪ್ರನೊಲಾಲ್ ಎರಡನ್ನೂ ಹಿಡಿಯುತ್ತದೆ. ಕಾರ್ವೆಡಿಲಾಲ್, ಲ್ಯಾಬೆಟಲಾಲ್ ಎರಡನ್ನೂ ಹಿಡಿದು, ಮೇಲಾಗಿ ರಕ್ತನಾಳಗಳನ್ನು ಸಡಿಲ ಮಾಡುತ್ತವೆ. ಒಂದು ಮಾತು ನೆನಪಿರಲಿ: ‘ಬೀಟಾ-1 ಮಾತ್ರ’ ಅನ್ನುವ ಗುಳಿಗೆಯೂ ಡೋಸ್ ಏರಿದಂತೆ ಬೀಟಾ-2ಕ್ಕೂ ಕೈ ಹಾಕುತ್ತದೆ.

ಇಂಥ ಮದ್ದಿನ ಹಿಂದಿನ ತಲೆ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅವರದು. ಎದೆನೋವಿನವರ ಹೃದಯಕ್ಕೆ ಜಾಸ್ತಿ ಆಮ್ಲಜನಕ ಕೊಡಲು ಎಲ್ಲರೂ ಒದ್ದಾಡುತ್ತಿದ್ದಾಗ, ಹೃದಯದ ಬೇಡಿಕೆಯನ್ನೇ ಕಡಿಮೆ ಮಾಡಿದರೆ ಆಗದೇ ಎಂದು ಅವರು ಯೋಚಿಸಿದರು. 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಬಂತು. 1988ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಅದೇ ಪ್ರೊಪ್ರನೊಲಾಲ್ ಇವತ್ತೂ ನಮ್ಮ ಅಂಗಡಿಯ ಕಪಾಟಿನಲ್ಲಿದೆ, ಬೆಲೆಯೂ ಕಡಿಮೆ.

ಮೊದಲ ಹೆಜ್ಜೆ: ನಿಮ್ಮದು ಇವುಗಳಲ್ಲಿ ಯಾವುದು?

ಹೃದಯದ ಬಲ ಕಡಿಮೆ ಇರುವವರಿಂದ ಶುರು ಮಾಡುತ್ತೇನೆ, ಯಾಕೆಂದರೆ ಗುಳಿಗೆ ಬಿಟ್ಟರೆ ಹೆಚ್ಚು ಕಳೆದುಕೊಳ್ಳುವವರು ಇವರೇ. ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿದಾಗ ‘ಇಎಫ್’ ಅಂತ ಒಂದು ಅಂಕಿ ಬರೆಯುತ್ತಾರೆ. ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದು. ಅದು 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಮೆಟೊಪ್ರೊಲಾಲ್ ಸಕ್ಸಿನೇಟ್, ಇವುಗಳಲ್ಲಿ ಒಂದನ್ನು ಸಾಮಾನ್ಯವಾಗಿ ಕೊಡುತ್ತಾರೆ. ಹಿಂದೆ ಇಂಥ ರೋಗಿಗಳಿಗೆ ಬೀಟಾ ಬ್ಲಾಕರ್ ಕೊಡಲೇಬಾರದು ಅಂತ ಪಾಠ ಮಾಡುತ್ತಿದ್ದರು, ಬಲವಿಲ್ಲದ ಹೃದಯವನ್ನು ಇನ್ನೂ ಮೆತ್ತಗೆ ಮಾಡುತ್ತದಲ್ಲ ಅಂತ. 1999ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು, ಒಂದು ಬಿಸೊಪ್ರೊಲಾಲ್‌ದು, ಇನ್ನೊಂದು ಮೆಟೊಪ್ರೊಲಾಲ್‌ದು. ಎರಡರಲ್ಲೂ ಸಾವಿನ ಪ್ರಮಾಣ ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಪಾಠವೇ ತಲೆಕೆಳಗಾಯಿತು. ದಿನವಿಡೀ ಅಡ್ರಿನಲಿನ್ ಹೊಡೆತಕ್ಕೆ ಸಿಕ್ಕ ಹೃದಯಕ್ಕೆ ಈ ಗುಳಿಗೆ ಬಿಡುವು ಕೊಡುತ್ತದೆ, ತಿಂಗಳುಗಳು ಕಳೆದಂತೆ ಅದರ ಬಲ ಎಷ್ಟೋ ಜನರಲ್ಲಿ ಮರಳುತ್ತದೆ. ಇಲ್ಲಿ ಬಿಪಿ ಅಂಕಿಗೂ ಗುಳಿಗೆ ಮುಂದುವರಿಸುವುದಕ್ಕೂ ಅಷ್ಟು ಸಂಬಂಧವಿಲ್ಲ.

ಹಾರ್ಟ್ ಅಟ್ಯಾಕ್ ಆದವರದು ಇನ್ನೊಂದು ಗುಂಪು. ಮೊದಲೆಲ್ಲ ಅಟ್ಯಾಕ್ ಆಯಿತೆಂದರೆ ಜೀವನಪೂರ್ತಿ ಬೀಟಾ ಬ್ಲಾಕರ್ ಅನ್ನೋದು ರೂಢಿ. ಈಗ ಚಿತ್ರ ಸ್ವಲ್ಪ ಬದಲಾಗಿದೆ. 2024ರಲ್ಲಿ ಬಂದ, ಹೆಚ್ಚಾಗಿ ಸ್ವೀಡನ್ನಿನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ, ಅಟ್ಯಾಕ್ ಆದರೂ ಇಎಫ್ 50 ಅಥವಾ ಮೇಲಿರುವವರಿಗೆ ಈ ಗುಳಿಗೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹೀಗಾಗಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿರುವವರು ‘ನನ್ನ ಇಎಫ್ ಎಷ್ಟು, ಇದು ಇನ್ನೂ ಬೇಕಾ?’ ಅಂತ ವೈದ್ಯರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳಿ. ನೀವೇ ತೀರ್ಮಾನ ಮಾಡಬೇಡಿ.

ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿಯುವವರಿಗೆ ಇದು ಹೃದಯದ ದುಡಿಮೆ ಕಡಿಮೆ ಮಾಡಿ ನೋವು ತಡೆಯುತ್ತದೆ. ಇಲ್ಲಿ ಸಾಮಾನ್ಯವಾಗಿ ಕೂತಾಗಿನ ನಾಡಿ 55ರಿಂದ 60ರ ಆಸುಪಾಸು ಬರುವಂತೆ ಡೋಸ್ ಹೊಂದಿಸುತ್ತಾರೆ. ನಾಡಿ 58 ಬಂತೆಂದು ಗಾಬರಿಯಾಗಿ ಬರುವವರು ಇದ್ದಾರೆ. ಗುಳಿಗೆ ಹಾಕಿದ್ದೇ ಅದಕ್ಕೆ. ನಾಡಿ ಲಯ ತಪ್ಪಿ ಓಡುವ ಏಟ್ರಿಯಲ್ ಫಿಬ್ರಿಲೇಷನ್‌ನವರಿಗೂ ವೇಗ ಹಿಡಿದಿಡಲು ಇದೇ ಗುಳಿಗೆ. ಲಕ್ವಾ ಹೊಡೆಯದಂತೆ ಅವರಿಗೆ ಕೊಡುವ ರಕ್ತ ತೆಳು ಮಾಡುವ ಮದ್ದು ಬೇರೆ, ಅದರ ಕೆಲಸವೇ ಬೇರೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಇನ್ನು ಬರೀ ಬಿಪಿಗೆ? ಕೆಲಸ ಮಾಡುತ್ತದೆ, ಆದರೆ ಬೇರೆ ಕಾರಣ ಇಲ್ಲದಿದ್ದರೆ ಈಗ ಇದನ್ನು ಮೊದಲ ಆಯ್ಕೆಯಾಗಿ ಹಿಡಿಯುವುದು ಕಡಿಮೆ. 2002ರ ಒಂದು ದೊಡ್ಡ ಅಧ್ಯಯನದಲ್ಲಿ ಬಿಪಿಯದೇ ಇನ್ನೊಂದು ಮದ್ದಾದ ಲೋಸಾರ್ಟನ್ ತೆಗೆದುಕೊಂಡವರಿಗೆ ಅಟೆನೊಲಾಲ್‌ನವರಿಗಿಂತ ಲಕ್ವಾ ಕಡಿಮೆ ಬಂತು. ಆಮೇಲೆ ಒಲವು ಬೇರೆ ಗುಳಿಗೆಗಳ ಕಡೆ ತಿರುಗಿತು. ಇಪ್ಪತ್ತು ವರ್ಷದಿಂದ ಅದೇ ಅಟೆನೊಲಾಲ್ ನುಂಗುತ್ತಿರುವ ಹಿರಿಯರು ನಮ್ಮ ಕಡೆ ಬಹಳ. ಬಿಪಿ ಹಿಡಿತದಲ್ಲಿದ್ದರೆ ಹೆದರುವ ಅಗತ್ಯವಿಲ್ಲ. ಕಿಡ್ನಿ ಪರೀಕ್ಷೆ ಮಾತ್ರ ಮಾಡಿಸುತ್ತಿರಿ, ಅಟೆನೊಲಾಲ್ ಹೊರಗೆ ಹೋಗೋದು ಕಿಡ್ನಿಯಿಂದಲೇ. ಬಸುರಿಯರ ಬಿಪಿಗೆ ಲ್ಯಾಬೆಟಲಾಲ್ ಹೆಚ್ಚು ಬಳಕೆಯಲ್ಲಿದೆ, ಅಟೆನೊಲಾಲ್ ಬೇಡ ಅನ್ನುತ್ತಾರೆ.

ಹೃದಯಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಪದೇ ಪದೇ ಬರುವ ಅರೆತಲೆನೋವು ತಡೆಯಲು ಪ್ರೊಪ್ರನೊಲಾಲ್ ಕೊಡುತ್ತಾರೆ. ಇದು ನೋವು ಬಂದಾಗ ನುಂಗುವ ಗುಳಿಗೆ ಅಲ್ಲ, ದಿನಾ ತೆಗೆದುಕೊಳ್ಳಬೇಕು, ಪರಿಣಾಮ ಗೊತ್ತಾಗಲು ಎರಡು ಮೂರು ತಿಂಗಳು ಹಿಡಿಯಬಹುದು. ಕೈ ನಡುಕಕ್ಕೆ, ಥೈರಾಯ್ಡ್ ಜಾಸ್ತಿಯಾಗಿ ಎದೆ ಓಡುವಾಗ ಬೇರೆ ಮದ್ದು ಹತ್ತುವವರೆಗೆ, ಲಿವರ್ ಕೆಟ್ಟವರಿಗೆ ಅನ್ನನಾಳದ ಉಬ್ಬಿದ ನರಗಳಿಂದ ರಕ್ತ ಸೋರದಂತೆ, ಮಾನಸಿಕ ಕಾಯಿಲೆಯ ಕೆಲವು ಮದ್ದುಗಳಿಂದ ಬರುವ ನಡುಕ, ಚಡಪಡಿಕೆಗೆ, ಎಳೆ ಕೂಸುಗಳ ಮೈಮೇಲಿನ ಕೆಂಪು ರಕ್ತಗಂಟಿಗೆ. ಕಣ್ಣಿನ ಒತ್ತಡ ಇಳಿಸುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರ್ರೇ, ಅದರ ಮಾತು ಮುಂದೆ ಬರುತ್ತದೆ.

ಸಭಾಕಂಪಕ್ಕೂ ಇದನ್ನು ಬಳಸುತ್ತಾರೆ. ಧಾರವಾಡ ಅಂದರೆ ಕಛೇರಿ ಕೊಡುವವರ ಊರು, ಜೊತೆಗೆ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳ ಊರು. ‘ಇಂಟರ್‌ವ್ಯೂಗೆ ಹೋಗೋ ಮೊದಲು ಎದೆ ಬಡಿತ ನಿಲ್ಲಿಸೋ ಗುಳಿಗಿ ಕೊಡ್ರಿ ಸರ’ ಅಂತ ಹುಡುಗರು ಕೇಳುತ್ತಾರೆ. ಪ್ರೊಪ್ರನೊಲಾಲ್ ಕೈ ನಡುಕ, ಎದೆ ಢವಢವ ತಗ್ಗಿಸುತ್ತದೆ, ನಿಜ. ಮನಸ್ಸಿನ ಚಿಂತೆ ಅದರ ಕೈಗೆ ಸಿಗೋದಿಲ್ಲ, ಓದದಿದ್ದದ್ದು ನೆನಪೂ ಆಗೋದಿಲ್ಲ. ಇದಕ್ಕೆ ವೈದ್ಯರ ಚೀಟಿ ಬೇಕೇ ಬೇಕು, ಯಾಕೆಂದರೆ ನಿಮಗೆ ದಮ್ಮು ಇದೆಯೋ, ನಾಡಿ ಮೊದಲೇ ನಿಧಾನ ಇದೆಯೋ ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಪೊಲೀಸ್ ನೇಮಕಾತಿಯ ಓಟಕ್ಕೆ ಹೋಗುವವರಂತೂ ಇದನ್ನು ಮುಟ್ಟಲೇಬೇಡಿ. ನಾಡಿ ಏರದಿದ್ದರೆ ಓಟವೂ ಏಳುವುದಿಲ್ಲ. ಗುರಿ ಇಡುವ ಆಟಗಳಲ್ಲಿ ಮಾತ್ರ ಕೈ ಸ್ಥಿರವಾಗುವುದು ಲಾಭ, ಅದಕ್ಕೇ ಶೂಟಿಂಗ್, ಬಿಲ್ಲುಗಾರಿಕೆಯಲ್ಲಿ ಇದು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಪ್ರೊಪ್ರನೊಲಾಲ್ ಸಿಕ್ಕಿದ್ದಕ್ಕೆ ಗೆದ್ದ ಎರಡೂ ಪದಕ ಕಳೆದುಕೊಂಡರು.

ಎರಡನೆಯದು: ಶುರು ಮಾಡುವ ಮೊದಲು ಬಾಯಿಬಿಟ್ಟು ಹೇಳಿ

ದಮ್ಮು ಇದ್ದರೆ ಹೇಳಲೇಬೇಕು. ಈಗ ಇಲ್ಲ, ಚಿಕ್ಕಂದಿನಲ್ಲಿ ಇತ್ತು ಅಂದರೂ ಹೇಳಿ. ಪ್ರೊಪ್ರನೊಲಾಲ್‌ನಂಥ ಎರಡೂ ಬಗೆ ಹಿಡಿಯುವ ಗುಳಿಗೆ ಅವರ ಶ್ವಾಸನಾಳವನ್ನು ಬಿಗಿದು ಜೀವಕ್ಕೆ ಅಪಾಯ ತರಬಹುದು. ಇನ್‌ಹೇಲರ್‌ನ ಸಾಲ್ಬುಟಮಾಲ್ ಕೂರಬೇಕಾದ ಸೀಟಿನ ಮೇಲೆಯೇ ಇದು ಟವೆಲ್ ಹಾಕಿಬಿಟ್ಟಿರುತ್ತದೆ. ಬೀಡಿ, ಸಿಗರೇಟಿನಿಂದ ಬಂದ ಹಳೆಯ ಕೆಮ್ಮಿನವರಿಗೆ ಬೀಟಾ-1 ಗುಳಿಗೆಯನ್ನು ವೈದ್ಯರು ನೋಡಿಕೊಂಡು ಕೊಡಬಹುದು.

ನಾಡಿ ಮೊದಲೇ ನಿಧಾನ ಇರುವವರು, ಇಸಿಜಿಯಲ್ಲಿ ‘ಬ್ಲಾಕ್’ ಅಂತ ಬರೆಸಿಕೊಂಡವರು, ನಡೆದರೆ ಮೀನಖಂಡ ಹಿಡಿಯುವವರು, ಚಳಿಗೆ ಬೆರಳು ಬಿಳಿಚಿಕೊಳ್ಳುವವರು ಅದನ್ನೂ ತಿಳಿಸಿ. ಯಾವುದಾದರೂ ಇಂಜೆಕ್ಷನ್ನಿಗೋ ಜೇನುಹುಳು ಕಡಿತಕ್ಕೋ ಮೈಯೆಲ್ಲ ಊದಿ ಪ್ರಜ್ಞೆ ತಪ್ಪಿದ್ದು ಇದ್ದರೆ ಅದು ಬಹಳ ಮುಖ್ಯ. ಅಂಥ ಹೊತ್ತಿನಲ್ಲಿ ಜೀವ ಉಳಿಸಲು ಕೊಡುವುದೇ ಅಡ್ರಿನಲಿನ್, ಈ ಗುಳಿಗೆ ಅದರ ಕೆಲಸಕ್ಕೆ ಅಡ್ಡ ಬರುತ್ತದೆ.

ಕಣ್ಣಿನ ಹನಿಯನ್ನು ಯಾರೂ ಮದ್ದು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಟಿಮೊಲಾಲ್ ಹನಿ ಕಣ್ಣಿನ ಮೂಲೆಯಿಂದ ಮೂಗಿಗೆ ಇಳಿದು ನೇರ ರಕ್ತಕ್ಕೆ ಸೇರುತ್ತದೆ. ಅದರಿಂದಲೂ ದಮ್ಮು ಏಳಬಹುದು, ನಾಡಿ ಇಳಿಯಬಹುದು. ಹನಿ ಹಾಕಿಕೊಂಡ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಒಳಗೆ ಹೋಗುವುದು ಕಡಿಮೆ. ಹೃದಯದ ವೈದ್ಯರಿಗೆ ಚೀಟಿ ತೋರಿಸುವಾಗ ಆ ಹನಿಯ ಬಾಟಲಿಯನ್ನೂ ಮುಂದಿಡಿ.

ತೆಗೆದುಕೊಳ್ಳುವ ರೀತಿ

ಹೊತ್ತು ನಿಗದಿ ಮಾಡಿಕೊಳ್ಳಿ. ಅಟೆನೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಸಾಮಾನ್ಯವಾಗಿ ದಿನಕ್ಕೊಂದು ಸಲ. ಕಾರ್ವೆಡಿಲಾಲ್ ಎರಡು ಸಲ, ಅದೂ ಊಟ ಅಥವಾ ನಾಷ್ಟಾದ ಜೊತೆ. ಖಾಲಿ ಹೊಟ್ಟೆಗೆ ಹಾಕಿದರೆ ಬೇಗ ಏರಿ, ಎದ್ದು ನಿಂತಾಗ ಚಕ್ಕರ್ ಬರುತ್ತದೆ. ಮೆಟೊಪ್ರೊಲಾಲ್ ಕೂಡ ಊಟದ ಜೊತೆಗೇ ಒಳ್ಳೆಯದು. ಇದರಲ್ಲಿ ಎರಡು ಜಾತಿ ಇದೆ: ಟಾರ್ಟ್ರೇಟ್ ಮತ್ತು ಸಕ್ಸಿನೇಟ್. ಸಕ್ಸಿನೇಟ್ ನಿಧಾನಕ್ಕೆ ಬಿಡುಗಡೆಯಾಗುವಂಥದ್ದು, ಹೆಸರಿನ ಕೊನೆಗೆ ಎಕ್ಸ್‌ಎಲ್ ಅಥವಾ ಇಆರ್ ಅಂತ ಇರುತ್ತದೆ, ದಿನಕ್ಕೊಮ್ಮೆ ಸಾಕು. ಅದನ್ನು ಜಗಿಯಬಾರದು, ಕುಟ್ಟಿ ಪುಡಿ ಮಾಡಬಾರದು. ನುಂಗಲು ಆಗದ ಅಜ್ಜನಿಗೆ ಮನೆಯವರು ಪ್ರೀತಿಯಿಂದ ಅರೆದು ಹಾಲಲ್ಲಿ ಕಲಸಿ ಕೊಡುತ್ತಾರೆ. ಆಗ ದಿನವಿಡೀ ಇಳಿಯಬೇಕಾದ ಮದ್ದು ಒಮ್ಮೆಲೇ ಇಳಿದುಬಿಡುತ್ತದೆ. ನಡುವೆ ಗೆರೆ ಇದ್ದರೆ ಎರಡು ತುಂಡು ಮಾಡಬಹುದು, ಅಷ್ಟೇ.

ಹೆಸರು ಓದುವಾಗ ಎಚ್ಚರ. ‘ಮೆಟ್’ ಅಂತ ಶುರುವಾಗುವ ಹೆಸರು ಮೆಟೊಪ್ರೊಲಾಲ್‌ಗೂ ಇರುತ್ತದೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ಗೂ ಇರುತ್ತದೆ. ಒಬ್ಬರಿಗೆ ಎರಡೂ ಇದ್ದರೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಕಾರ್ವೆಡಿಲಾಲ್ 3.125 ಅಂತ ಇದ್ದಲ್ಲಿ ಚುಕ್ಕೆ ಎಲ್ಲಿದೆ ನೋಡಿ. 6.25, 12.5 ಗುಳಿಗೆಗಳೂ ಬರುತ್ತವೆ.

ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

ಜನೌಷಧಿ ಕೇಂದ್ರದ ಗುಳಿಗೆ ನಡೆಯುತ್ತದಾ ಅಂತ ಕೇಳುವವರಿಗೆ: ನಡೆಯುತ್ತದೆ. ನಾನು ಬೇರೆ ಅಂಗಡಿಯವನಾದರೂ ಇದನ್ನು ಹೇಳಲೇಬೇಕು. ಸಣ್ಣಕ್ಷರದ ಹೆಸರು, ಮಿಲಿಗ್ರಾಂ, ಎಕ್ಸ್‌ಎಲ್ ಇತ್ತೋ ಇಲ್ಲವೋ, ಈ ಮೂರು ಹೊಂದಿದರೆ ಸಾಕು.

ನಾಡಿ ಎಣಿಸೋದು ಕಲಿಯಿರಿ

ಇದಕ್ಕೆ ಮಷಿನ್ ಬೇಡ, ಗಡಿಯಾರ ಸಾಕು. ಚಹಾಕ್ಕಿಂತ ಮೊದಲು, ಗುಳಿಗೆಗಿಂತ ಮೊದಲು, ಐದು ನಿಮಿಷ ಸುಮ್ಮನೆ ಕೂತ ಮೇಲೆ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದ್ದೇ ಬಡಿತ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೂವತ್ತು ಸೆಕೆಂಡ್ ಎಣಿಸಿ, ಇಮ್ಮಡಿ ಮಾಡಿ. ಬಡಿತ ಅಡ್ಡಾದಿಡ್ಡಿ ಇದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ. ಕ್ಯಾಲೆಂಡರ್ ಮೇಲೆ ಅಂದಿನ ತಾರೀಖಿನ ಚೌಕದಲ್ಲೇ ಬರೆದಿಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಹಾಳೆಯ ಫೋಟೋ ತೋರಿಸಿದರೆ, ಡೋಸ್ ಏರಿಸಬೇಕೋ ಇಳಿಸಬೇಕೋ ಅವರು ಎರಡೇ ನಿಮಿಷದಲ್ಲಿ ಹೇಳುತ್ತಾರೆ.

50ಕ್ಕಿಂತ ಕೆಳಗೆ ಬಂದರೆ ವೈದ್ಯರಿಗೆ ಫೋನ್ ಮಾಡಿ. ಚಕ್ಕರ್, ಕಣ್ಣು ಕತ್ತಲೆ, ಸುಸ್ತು ಜೊತೆಗಿದ್ದರೆ ತಡ ಮಾಡಬೇಡಿ.

ವಾಕಿಂಗ್ ಮಾಡುವವರಿಗೆ ಒಂದು ಮಾತು. ಉಣಕಲ್ ಕೆರೆ ಸುತ್ತುವಾಗ, ನೃಪತುಂಗ ಬೆಟ್ಟ ಹತ್ತುವಾಗ ಕೈಗಡಿಯಾರ ತೋರಿಸುವ ‘ನಿಮ್ಮ ವಯಸ್ಸಿಗೆ ಇಷ್ಟು ನಾಡಿ ಬರಬೇಕು’ ಎಂಬ ಅಂಕಿಯನ್ನು ನಂಬಬೇಡಿ. ಗುಳಿಗೆ ಇರುವವರೆಗೆ ಅಷ್ಟು ಏರುವುದಿಲ್ಲ, ಏರಿಸಲು ಹೋಗಿ ಸುಮ್ನೆ ಸೋಲುತ್ತೀರಿ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಮೊದಲ ಕೆಲವು ವಾರ

ಸುಸ್ತು ಬರುತ್ತದೆ. ಕೈಕಾಲು ತಣ್ಣಗಾಗುತ್ತವೆ, ಧಾರವಾಡದ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬಹಳ ಜನರಿಗೆ ಎರಡು ಮೂರು ವಾರದಲ್ಲಿ ದೇಹ ಹೊಂದಿಕೊಳ್ಳುತ್ತದೆ. ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಮೆದುಳಿಗೂ ಇಳಿಯುವುದರಿಂದ ಕೆಲವರಿಗೆ ಕೆಟ್ಟ ಕನಸು ಬೀಳುತ್ತವೆ, ನಿದ್ದೆ ಕೆಡುತ್ತದೆ. ಅಟೆನೊಲಾಲ್‌ಗೆ ಈ ಕಾಟ ಕಡಿಮೆ. ಗಂಡಸರಲ್ಲಿ ಕೆಲವರಿಗೆ ನಿಮಿರುವಿಕೆಯ ತೊಂದರೆ ಆಗಬಹುದು. ಇದನ್ನು ಯಾರೂ ಕೌಂಟರ್‌ನಲ್ಲಿ ಕೇಳುವುದಿಲ್ಲ, ಡಾಕ್ಟರ್ ಮುಂದೆಯೂ ಹೇಳುವುದಿಲ್ಲ, ಸದ್ದಿಲ್ಲದೆ ಗುಳಿಗೆ ಬಿಡುತ್ತಾರೆ. ಹೇಳಿದರೆ ಡೋಸ್ ಇಳಿಸುವುದೋ ನೆಬಿವೊಲಾಲ್‌ಗೆ ಬದಲಾಯಿಸುವುದೋ, ದಾರಿ ಇದೆ.

ಹೃದಯದ ಬಲ ಕಡಿಮೆ ಇದ್ದು ಗುಳಿಗೆ ಶುರು ಮಾಡಿದವರಿಗೆ ಮೊದಲು ಸ್ವಲ್ಪ ಹಿಂದೆ ಹೋದಂತೆ ಅನಿಸಬಹುದು. ಅದಕ್ಕೇ ಅವರಿಗೆ ತೀರಾ ಸಣ್ಣ ಡೋಸ್‌ನಿಂದ ಹಿಡಿದು ಸುಮಾರು ಎರಡೆರಡು ವಾರಕ್ಕೆ ಏರಿಸುತ್ತಾ ಹೋಗುತ್ತಾರೆ. ದಿನಾ ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ನೀರು ತುಂಬುತ್ತಿದೆ ಅಂತ ಅರ್ಥ, ಕೂಡಲೇ ತಿಳಿಸಿ.

ಏಪ್ರಿಲ್, ಮೇ ತಿಂಗಳ ಗದಗ, ಹಾವೇರಿ ಬಿಸಿಲಿನಲ್ಲಿ ಹೊಲಕ್ಕೆ ಹೋಗುವವರು, ಮಠದ ಜಾತ್ರೆಯಲ್ಲಿ ತಾಸುಗಟ್ಟಲೆ ಸಾಲಿನಲ್ಲಿ ನಿಲ್ಲುವವರು ಬಿಪಿ ಇಳಿದು ಕುಸಿಯಬಹುದು. ಕೂತಲ್ಲಿಂದ ಗಬಕ್ಕನೆ ಏಳಬೇಡಿ. ನೀರು ಎಷ್ಟು ಕುಡಿಯಬಹುದು ಅನ್ನೋದು ಹೃದಯದ ರೋಗಿಗೆ ಬೇರೆ, ಉಳಿದವರಿಗೆ ಬೇರೆ, ವೈದ್ಯರು ಹೇಳಿದ ಅಳತೆ ಹಿಡಿಯಿರಿ.

ಸಕ್ಕರೆ ಕಾಯಿಲೆ ಇದ್ದು ಉಪವಾಸ ಮಾಡುವವರು

ಇದೊಂದು ಭಾಗ ಎರಡು ಸಲ ಓದಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರಿಗೆ ಶುಗರ್ ಇಳಿದಾಗ ಎದೆ ಬಡಿಯುತ್ತದೆ, ಕೈ ನಡುಗುತ್ತದೆ. ದೇಹ ಕೊಡುವ ಎಚ್ಚರಿಕೆ ಅದು, ಅಡ್ರಿನಲಿನ್‌ನಿಂದ ಬರುವಂಥದ್ದು. ಬೀಟಾ ಬ್ಲಾಕರ್ ಆ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ. ಉಳಿಯುವುದು ಬೆವರು ಮತ್ತು ಹಸಿವು ಮಾತ್ರ. ಏಕಾದಶಿ ಇರಲಿ, ಶ್ರಾವಣ ಸೋಮವಾರ ಇರಲಿ, ರಂಜಾನ್ ರೋಜಾ ಇರಲಿ, ಮೈ ತಣ್ಣನೆ ಬೆವರಿದರೆ ‘ಸೆಕೆ’ ಅಂದುಕೊಳ್ಳಬೇಡಿ. ಗ್ಲೂಕೋಮೀಟರ್ ಹಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಉಪವಾಸ ಅಲ್ಲಿಗೇ ಮುರಿಯಿರಿ: ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಧಾರವಾಡ ಪೇಢೆ ಎಷ್ಟೇ ರುಚಿ ಇರಲಿ, ಆ ಹೊತ್ತಿಗೆ ಬೇಡ. ಅದರ ಹಾಲಿನ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಶುಗರ್ ಸರಿಯಾದ ಮೇಲೆ ತಿನ್ನಿ, ಸ್ವಲ್ಪ.

ಉಪವಾಸ ಮಾಡಲೇಬೇಕು ಅನ್ನುವವರು ವಾರ ಮೊದಲೇ ವೈದ್ಯರನ್ನು ಕಂಡು ಗುಳಿಗೆಯ ಹೊತ್ತು ಬದಲಿಸಿಕೊಳ್ಳಿ. ಉಪವಾಸ ಅಂತ ಬೀಟಾ ಬ್ಲಾಕರನ್ನೇ ಅವತ್ತು ಬಿಡೋದು ಸರಿಯಲ್ಲ.

ಬೇರೆ ಮದ್ದುಗಳ ಜೊತೆ

ನಾನು ಅತಿ ಹೆಚ್ಚು ತಡೆಯುವ ತಪ್ಪು ಇದು: ಎರಡು ಬೀಟಾ ಬ್ಲಾಕರ್ ಒಟ್ಟಿಗೆ. ಗದಗದ ವೈದ್ಯರು ಬಿಪಿಗೆ ಅಂತ ಅಟೆನೊಲಾಲ್ ಮತ್ತು ಆಮ್ಲೊಡಿಪಿನ್ ಸೇರಿದ ಗುಳಿಗೆ ಬರೆದಿರುತ್ತಾರೆ. ಆಮೇಲೆ ಎದೆನೋವಿಗೆ ಹುಬ್ಬಳ್ಳಿಗೆ ಬಂದಾಗ ಇಲ್ಲಿ ಮೆಟೊಪ್ರೊಲಾಲ್ ಬರೆಯುತ್ತಾರೆ. ಹಳೇ ಗುಳಿಗೆ ಮನೆಯಲ್ಲಿದೆ ಅಂತ ಇವರಿಗೆ ಗೊತ್ತಿಲ್ಲ, ರೋಗಿ ಎರಡನ್ನೂ ನುಂಗುತ್ತಾರೆ. ಒಂದೇ ಗುಳಿಗೆಯಲ್ಲಿ ಎರಡು ಮದ್ದು ಇರುವ ಕಾಲ ಇದು. ಬಿಪಿಯ ಟೆಲ್ಮಿಸಾರ್ಟನ್ ಜೊತೆ ಮೆಟೊಪ್ರೊಲಾಲ್, ಚಿಂತೆಯ ಗುಳಿಗೆ ಎಟಿಜೊಲಾಮ್ ಜೊತೆ ಪ್ರೊಪ್ರನೊಲಾಲ್, ಹೀಗೆ. ಆದ್ದರಿಂದ ಹೊಸ ವೈದ್ಯರ ಹತ್ತಿರ ಹೋಗುವಾಗ ಚೀಟಿ ಸಾಲದು, ಗುಳಿಗೆ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಲಾಲ್’ ಎರಡು ಕಡೆ ಕಂಡರೆ ಕೇಳಿ.

ವೆರಪಮಿಲ್, ಡಿಲ್ಟಿಯಾಜೆಮ್ ಕೂಡ ಹೃದಯ ನಿಧಾನ ಮಾಡುವ ಮದ್ದುಗಳೇ. ಬೀಟಾ ಬ್ಲಾಕರ್ ಜೊತೆ ಸೇರಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊಣಕಾಲು ನೋವಿಗೆ ನೀವೇ ಕೊಂಡು ನುಂಗುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ, ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಫಿನೈಲೆಫ್ರಿನ್ ಇರುವ ನೆಗಡಿ ಗುಳಿಗೆಯೂ ಅಷ್ಟೆ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಇದ್ದರೆ ಮೆಟೊಪ್ರೊಲಾಲ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಗುಟ್ಕಾ ಬಾಯಲ್ಲಿಟ್ಟುಕೊಂಡು ಎದೆ ಬಡಿತದ ಗುಳಿಗೆ ಕೇಳುವವರಿಗೆ ಏನು ಹೇಳಲಿ, ನಿಕೋಟಿನ್ ಏರಿಸುವುದನ್ನೇ ಈ ಗುಳಿಗೆ ಇಳಿಸಬೇಕು.

ಆಪರೇಷನ್ ಇದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ. ಹೆಚ್ಚಾಗಿ ಅವತ್ತು ಬೆಳಿಗ್ಗೆಯೂ ತೆಗೆದುಕೊಳ್ಳಿ ಅನ್ನುತ್ತಾರೆ. ಹಲ್ಲು ಕೀಳಿಸುವಾಗಲೂ ಹೇಳಿ, ಜುಮ್ಮು ಹಿಡಿಸುವ ಇಂಜೆಕ್ಷನ್‌ನಲ್ಲಿ ಹೆಚ್ಚಾಗಿ ಅಡ್ರಿನಲಿನ್ ಇರುತ್ತದೆ.

ಬಿಡಬೇಕು ಅನಿಸಿದಾಗ

ಒಮ್ಮೆಲೇ ನಿಲ್ಲಿಸಬಾರದು. ಕಾರಣ ಇದೆ. ತಿಂಗಳುಗಟ್ಟಲೆ ಸೀಟುಗಳ ಮೇಲೆ ಟವೆಲ್ ಬಿದ್ದಿದ್ದರಿಂದ ದೇಹ ಹೊಸ ಸೀಟುಗಳನ್ನು ಹಾಕಿಕೊಂಡಿರುತ್ತದೆ. ಟವೆಲ್ ಒಮ್ಮೆಲೇ ಎತ್ತಿಬಿಟ್ಟರೆ ಅಡ್ರಿನಲಿನ್ ಹಳೇ ಸೀಟು, ಹೊಸ ಸೀಟು ಎರಡರಲ್ಲೂ ಕೂರುತ್ತದೆ. ಬಿಪಿ ಹಾರುತ್ತದೆ, ನಾಡಿ ಓಡುತ್ತದೆ. ಹೃದಯದ ರಕ್ತನಾಳದಲ್ಲಿ ಮೊದಲೇ ತಡೆ ಇರುವವರಿಗೆ ಎದೆನೋವು, ಅಟ್ಯಾಕ್ ಕೂಡ ಆಗಬಹುದು. ವೈದ್ಯರು ನಿಲ್ಲಿಸುವುದಾದರೆ ಒಂದೆರಡು ವಾರ ಅಥವಾ ಹೆಚ್ಚು ಸಮಯ ತೆಗೆದುಕೊಂಡು ಡೋಸ್ ಇಳಿಸುತ್ತಾ ಬರುತ್ತಾರೆ.

ಬೇಕಂತಲೇ ಬಿಡುವವರಿಗಿಂತ ಗುಳಿಗೆ ತೀರಿಹೋಗಿ ಬಿಡುವವರೇ ಜಾ‍ಸ್ತಿ. ಸುಗ್ಗಿ ಬಂತು, ಮದುವೆ ಬಂತು, ಊರಲ್ಲಿ ಆ ಗುಳಿಗೆ ಸಿಗಲಿಲ್ಲ. ಹತ್ತು ದಿನದ ಗುಳಿಗೆ ಉಳಿದಾಗಲೇ ಹೊಸದು ತರಿಸಿ. ಅದೇ ಬ್ರ್ಯಾಂಡ್ ಸಿಗದಿದ್ದರೆ ಅದೇ ಮದ್ದಿನ ಬೇರೆ ಬ್ರ್ಯಾಂಡ್ ಬಗ್ಗೆ ಫಾರ್ಮಸಿಸ್ಟ್ ಅನ್ನು ಕೇಳಿ. ಪರಊರಿಗೆ ಹೋಗುವಾಗ ಗುಳಿಗೆಯನ್ನು ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಇಡಬೇಡಿ, ಕೈಚೀಲದಲ್ಲಿಡಿ.

ಕಾಯಬಾರದ ಹೊತ್ತು

ಎದೆ ಒತ್ತಿ ಹಿಡಿದು ಕೈಗೋ ದವಡೆಗೋ ನೋವು ಹರಿದರೆ, ಪ್ರಜ್ಞೆ ತಪ್ಪಿದರೆ, ಉಸಿರಿನಲ್ಲಿ ಸುಯ್ಯನೆ ಶಬ್ದ ಬಂದು ದಮ್ಮು ಕಟ್ಟಿದರೆ, ನಾಡಿ 40ರ ಹತ್ತಿರ ಇಳಿದು ಮೈ ತಣ್ಣಗಾದರೆ 108ಕ್ಕೆ ಫೋನ್ ಮಾಡಿ. ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ, ಕೊನೆಗೆ ಯಾವಾಗ ತೆಗೆದುಕೊಂಡಿದ್ದು ಅಂತ ಬಂದವರಿಗೆ ಹೇಳಿ, ಸ್ಟ್ರಿಪ್ ಜೊತೆಗೇ ಕಳಿಸಿ.

ಮೊಮ್ಮಕ್ಕಳಿರುವ ಮನೆಯಲ್ಲಿ ಡಬ್ಬಿಯನ್ನು ಎತ್ತರದ ಕಪಾಟಿನಲ್ಲಿ ಇಡಿ. ಮಗು ಇದನ್ನು ನುಂಗಿರಬಹುದು ಅಂತ ಸಂಶಯ ಬಂದರೂ ಸಾಕು, ಆಡುತ್ತಾ ಇದೆ, ಚೆನ್ನಾಗಿದೆ ಅಂತ ಕಾಯಬೇಡಿ. ನಿಧಾನಕ್ಕೆ ಬಿಡುಗಡೆಯಾಗುವ ಗುಳಿಗೆಯ ಪರಿಣಾಮ ತಾಸುಗಳ ನಂತರವೂ ಕಾಣಿಸಿಕೊಳ್ಳಬಹುದು. ವಾಂತಿ ಮಾಡಿಸಲು ಹೋಗಬೇಡಿ, ಸ್ಟ್ರಿಪ್ ಹಿಡಿದು ದೊಡ್ಡ ದವಾಖಾನೆಗೆ ಹೋಗಿ.